ಕಂದು ಕಾಗದದ ಒಳಮೈ

ಅವಳಿಗೊಂದು ಚಟವಿತ್ತು. ಎಲ್ಲವನ್ನೂ ಕೇಳಿಸಿಕೊಳ್ಳುವ ಡೈರಿಗೂ ಅದನ್ನು ಅವಳು ಹೇಳಿರಲಿಲ್ಲ.

ಚೌಕಟ್ಟಿನ ಬೆನ್ನಿಗೆ ಕಂದು ಕಾಗದ ಅಂಟಿಸಿ ಮುಚ್ಚುವ ಮೊದಲು, ಆ ಕಾಗದದ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಒಂದೇ ಒಂದು ಸಾಲು ಬರೆಯುವುದು. ಆ ದಿನ ಗಂಟಲಲ್ಲಿ ಸಿಕ್ಕಿ ಉಳಿದ ಮಾತು ಯಾವುದೋ ಅದು. ಡೈರಿಯನ್ನಾದರೆ ಹಾಸಿಗೆ ಕೊಡವುವಾಗ ಅಮ್ಮ ನೋಡಿಬಿಡಬಹುದು. ಗೋಡೆಗೆ ಆತುಕೊಂಡು ತೂಗುವ ಚೌಕಟ್ಟಿನ ಬೆನ್ನನ್ನು ಯಾರು ಬಿಚ್ಚಿ ನೋಡುತ್ತಾರೆ? ಬಿಚ್ಚಿದರೂ ನಲವತ್ತು ಐವತ್ತು ವರ್ಷದ ಮೇಲೆ. ಅಷ್ಟು ಹೊತ್ತಿಗೆ ನಾಚಿಕೆಪಡಲು ತಾನಿದ್ದರೆ ತಾನೆ?

ಹಾಗಂದುಕೊಂಡೇ ಎಂಟು ತಿಂಗಳಿಂದ ಬರೆದಿದ್ದಳು. ಯಾರ್ಯಾರದೋ ಮನೆಯ ಗೋಡೆಗಳಲ್ಲಿ ಅವಳ ಗುಟ್ಟುಗಳು ಬೆನ್ನು ತಿರುಗಿಸಿ ನಿಂತಿದ್ದವು.

ಈಗ ನೋಡಿದರೆ ಹತ್ತೊಂಬತ್ತನೆಯ ದಿನಕ್ಕೇ ಒಂದು ಚೌಕಟ್ಟು ವಾಪಸು ಬಂದು, ಅಂಗಡಿಯ ಮೇಜಿನ ಮೇಲೆ ಕವುಚಿ ಮಲಗಿತ್ತು. ಅದರೊಳಗಿನ ಸಾಲು ಅವಳಿಗೆ ಬಾಯಿಪಾಠ. ಅದು ದೊಡ್ಡಪ್ಪನ ಬಗ್ಗೆ ಬರೆದದ್ದು. ದೊಡ್ಡಪ್ಪ ಅವಳ ಪಕ್ಕದಲ್ಲೇ ನಿಂತಿದ್ದರು.

ಮೇಜಿನಾಚೆ ಇನ್ಸ್‌ಪೆಕ್ಟರ್ ಮೇಡಂ ಬೂಟಿನ ಲೇಸು ಸಡಿಲಿಸುತ್ತಿದ್ದರು.

"ಬೆಳಿಗ್ಗೆಯಿಂದ ನಿಂತೇ ಇದೀನಿ ಯಜಮಾನ್ರೇ. ಈ ಕಾಲಿಗೂ ಒಂದು ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿಬಿಡಿ. ನಡೆಯೋಕಂತೂ ಉಪಯೋಗಕ್ಕಿಲ್ಲ."

ದೊಡ್ಡಪ್ಪ ನಗಲಿಲ್ಲ. "ಕಾಲಿಗೆ ಆಳವಾದ ಪೆಟ್ಟಿಗೆ ಫ್ರೇಮ್ ಬೇಕಾಗತ್ತೆ," ಅಂದರು. "ಹದಿನೈದು ದಿನ ಆಗತ್ತೆ."

ಮಧ್ಯಾಹ್ನದ ಊಟವಾಗಿ ಎಲ್ಲರ ಕಣ್ಣೂ ಎಳೆಯುವ ಹೊತ್ತು. ಮೇಲೆ ಫ್ಯಾನು ತನಗೂ ಸಾಕಾಗಿದೆ ಎನ್ನುವ ಹಾಗೆ ತಿರುಗುತ್ತಿತ್ತು. ಕಪಾಟಿನಲ್ಲಿ ತಮ್ಮ ಸರದಿಗಾಗಿ ಕಾದು ಕುಳಿತಿದ್ದವು: ಯಾವುದೋ ಮಗುವಿನ ಮೊದಲ ಶೂ, ಓಟದ ಪದಕ, ಮಡಿಕೆಯಲ್ಲಿ ಸೀಳಿದ ಹಳೆಯ ಪತ್ರ, ಕೊನೆಯ ಪಂದ್ಯ ಆಡಿ ಬಿಚ್ಚಿಟ್ಟ ಒಂದು ಕೈಗವಸು. ಜನ ಬಿಸಾಡಲಾರದ್ದನ್ನೆಲ್ಲ ಇಲ್ಲಿಗೆ ತರುತ್ತಾರೆ.

ಮೇಜಿನ ಮೇಲಿದ್ದದ್ದೂ ಅಂಥದ್ದೇ. ತೀರಿಹೋದ ಕಲಾವಿದರೊಬ್ಬರು ನಲವತ್ತು ವರ್ಷದ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಬರೆದ ಜಲವರ್ಣ. ಈ ಅಂಗಡಿಯಲ್ಲಿ ಹೊಸ ಚೌಕಟ್ಟು ಹಾಕಿಸಿಕೊಂಡು ಗ್ಯಾಲರಿಗೆ ಹೋಗಿತ್ತು. ಪ್ರದರ್ಶನದ ದಿನ ಅದರ ಮುಂದೆ ನಿಂತು ಆ ಹೆಂಡತಿ ಎಲ್ಲರೆದುರು ಅಂದಿದ್ದರು: "ಇದು ನಾನಲ್ಲ."

ಆ ಅಜ್ಜಿ ಈಗ ಅಂಗಡಿಯ ಒಂದೇ ಒಂದು ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಕೈಚೀಲ. ಕನ್ನಡಕಕ್ಕೆ ದಾರ.

"ಗ್ಯಾಲರಿಯವರು ಹೇಳೋದು ಇಷ್ಟು." ಇನ್ಸ್‌ಪೆಕ್ಟರ್ ಪುಸ್ತಕ ತೆರೆದರು. "ಅಮ್ಮನಿಗೆ ವಯಸ್ಸಾಗಿದೆ, ಕಣ್ಣು ಮಂಜು. ಮಗನೂ ಅದನ್ನೇ ಹೇಳ್ತಾರೆ."

"ಮರೆವು ಅಂತಾನೆ ನನ್ನ ಮಗ," ಅಜ್ಜಿ ಅಂದರು. "ಇದೆ, ಇಲ್ಲ ಅನ್ನಲ್ಲ. ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೆಯತ್ತೆ, ಅದಕ್ಕೇ ದಾರ ಕಟ್ಟಿದೀನಿ. ಮುಖ ಎಲ್ಲಿಟ್ಟೆ ಅನ್ನೋದು ಮರೆಯುತ್ತಾ? ಹೇಳೀ ಹೇಳೀ ಸಾಕಾಗಿದೆ ಕಣಮ್ಮಾ ನನಗೆ."

"ಇನ್ನೊಂದ್ಸಲ ಹೇಳಿಬಿಡಿ. ಇವರೂ ಕೇಳಲಿ."

ಅಜ್ಜಿ ಚೌಕಟ್ಟನ್ನು ಮೇಲ್ಮುಖ ಮಾಡಲು ಸನ್ನೆ ಮಾಡಿದರು. ಗಾಜಿನಡಿ ಒಬ್ಬ ಹೆಂಗಸು ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಆವತ್ತು ನಮಗಿಬ್ಬರಿಗೂ ಜಗಳ ಆಗಿತ್ತು. ಯಾತಕ್ಕೆ ಅಂತ ಕೇಳಬೇಡಿ, ಅದು ಮರೆತೇಹೋಗಿದೆ. ಗುಂಡಿ ಹೊಲಿ ಅಂದ್ರು. ಬಾಯಿ ಬಿಗಿದುಕೊಂಡು ಹೊಲೀತಾ ಕೂತೆ. ಈ ಮನುಷ್ಯ ಆ ಕೋಪಾನೇ ಬರೆದಿಟ್ಟರು. ಬರೆದು ಮುಗಿಸಿ, 'ನೋಡು, ಇನ್ನು ಸಾಯೋವರೆಗೂ ನೀನು ನನ್ನ ಮೇಲೆ ಸಿಟ್ಟಾಗೇ ಇರ್ತೀಯ' ಅಂತ ನಕ್ಕರು." ಅಜ್ಜಿ ಗಾಜಿನ ಮೇಲೆ ಬೆರಳಿಟ್ಟರು. "ಇವಳನ್ನ ನೋಡಿ. ಎಷ್ಟು ಸಮಾಧಾನವಾಗಿ ಹೊಲೀತಿದಾಳೆ! ಜನ್ಮದಲ್ಲಿ ಯಾರ ಮೇಲೂ ಕೋಪ ಮಾಡ್ಕೊಂಡವಳಲ್ಲ. ಇವಳಿಗೆ ಗಂಡನೇ ಇಲ್ಲ."

ಇನ್ಸ್‌ಪೆಕ್ಟರ್ ತುಟಿ ಕಚ್ಚಿ ನಗು ತಡೆದರು.

ಅವಳಿಗೆ ನಗು ಬರಲಿಲ್ಲ. ಹತ್ತೊಂಬತ್ತು ದಿನದ ಹಿಂದೆ ಇದೇ ಮೇಜಿನ ಮೇಲೆ ಗಾಜು ಒರೆಸುತ್ತ, ಆ ಬಿಗಿದ ಬಾಯಿ ತನ್ನನ್ನೇ ಗದರಿಸುತ್ತಿದೆ ಅನ್ನಿಸಿ, 'ಆಯ್ತು, ಆಯ್ತು' ಅಂದುಕೊಂಡೇ ಒರೆಸಿದ್ದಳು. ಈಗ ಆ ಬಾಯಿ ನೋಡಿದರೆ ಹೆದರಿಕೆಯಾಗುತ್ತಿರಲಿಲ್ಲ.

ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಬಾಯಿಪಾಠ ಒಪ್ಪಿಸುವಾಗ ಎದ್ದು ನಿಂತರೆ ಮರೆತುಹೋಗುತ್ತಿದ್ದ ಹುಡುಗಿ ಅವಳು. ಡಿಗ್ರಿ ಮುಗಿಸಿದರೂ ಮೂರು ಸಂದರ್ಶನಗಳಲ್ಲಿ ತನ್ನ ಹೆಸರಿನಿಂದಾಚೆಗೆ ಮಾತು ಹೊರಡದೆ ಮನೆಯಲ್ಲಿ ಮೂಲೆ ಹಿಡಿದಿದ್ದಳು. ದೊಡ್ಡಪ್ಪನೇ ಬಂದು, "ಮಾತಾಡದೇನೇ ನಡೆಯೋ ಕೆಲಸ ಇದೆ, ಬರ್ತೀಯಾ?" ಎಂದು ಕರೆದುಕೊಂಡು ಬಂದದ್ದು. ಜಡೆಯಲ್ಲಿ ಸದಾ ಸಿಕ್ಕಿಸಿಕೊಂಡಿರುವ ಪೆನ್ಸಿಲ್ಲು ನೋಡಿ ಅವರು ಇಟ್ಟ ಹೆಸರೇ ಈಗ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ.

"ಏ ಪೆನ್ಸಿಲ್," ದೊಡ್ಡಪ್ಪ ಕರೆದರು. "ನೀರು ಕೊಡು ಇವರಿಗೆ."

ಕೊಟ್ಟಳು. ದೊಡ್ಡಪ್ಪನ ಎರಡೂ ಕೈ ಏಪ್ರನ್ನಿನ ಜೇಬಿನಲ್ಲಿದ್ದವು. ಇತ್ತೀಚೆಗೆ ಅಲ್ಲೇ ಇರುತ್ತವೆ.

"ಬಿಡಿ, ಈಗ ಮುಖ್ಯ ವಿಷಯ." ಇನ್ಸ್‌ಪೆಕ್ಟರ್ ನೀರು ಕುಡಿದು ಲೋಟ ಕೆಳಗಿಟ್ಟರು. "ನಿನ್ನೆ ಗ್ಯಾಲರಿಗೆ ಹೋಗಿದ್ದೆ. ಅಲ್ಲಿನ ದೊಡ್ಡ ಮನುಷ್ಯರು ನನ್ನನ್ನ ಒಂದು ಗಂಟೆ ನಿಲ್ಲಿಸೇ ಮಾತಾಡಿಸಿದ್ರು. ನೀಲಿ ಕೋಟಿನ ಹುಡುಗಿ ಒಬ್ಬಳೇ ನನ್ನ ಕಾಲು ನೋಡಿ ಕುರ್ಚಿ ಹಾಕಿಕೊಟ್ಟಿದ್ದು. ಚಿತ್ರ ಕೊಟ್ಟಿದ್ದಕ್ಕೆ ಚೀಟಿ ಬರೆದವಳೂ ಅವಳೇ. ಎಡಗೈಯಲ್ಲಿ ಬರೀತಾಳೆ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ."

ದೊಡ್ಡಪ್ಪನ ಭುಜದ ಮೇಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು. ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ. ಅವಳೇ ಎತ್ತಿದಳು.

"ಅವರು ಹೇಳೋದು ಏನಂದ್ರೆ, ಒಂದು ವೇಳೆ ಚಿತ್ರ ಬದಲಾಗಿದ್ರೂ ನಮ್ಮಲ್ಲಿ ಬದಲಾಗಿಲ್ಲ. ಯಾಕೆ? ಫ್ರೇಮಿನ ಬೆನ್ನು ಬಿಚ್ಚಿಲ್ಲ. ಕಾಗದ ಹರಿದಿಲ್ಲ. ಅದರ ಮೇಲೆ ಯಜಮಾನ್ರ ಗೆರೆ ಹಾಗೇ ಇದೆ. ಏನಿದು ಯಜಮಾನ್ರ ಗೆರೆ? ಎಲ್ಲರೂ ದೇವರ ಹೆಸರು ಹೇಳಿದ ಹಾಗೆ ಹೇಳ್ತಾರೆ."

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಕಸುಬಿನ ಮಾತು ಬಂದರೆ ಅವರ ದಣಿವು ಸ್ವಲ್ಪ ಹಿಂದೆ ಸರಿಯುತ್ತದೆ.

"ಬೆನ್ನಿಗೆ ಕಾಗದ ಅಂಟಿಸೋವಾಗ ಫ್ರೇಮಿಗಿಂತ ದೊಡ್ಡದೇ ಅಂಟಿಸ್ತೀವಿ ಮೇಡಂ. ಆಮೇಲೆ ಹೆಚ್ಚಿದ್ದನ್ನ ಕೊಯ್ದು ತೆಗೀಬೇಕು. ಬೇರೆಯವರು ನಾಲ್ಕು ಕಡೆ ನಾಲ್ಕು ಸಲ ಕೊಯ್ತಾರೆ. ನಾನು ಅಂಚಿಂದ ಎರಡು ನೂಲು, ಅಂದ್ರೆ ಕಾಲು ಇಂಚು ಒಳಗೆ, ಮೂಲೆಯಲ್ಲಿ ಚಾಕು ಎತ್ತದೆ, ಒಂದೇ ಉಸಿರಲ್ಲಿ ಸುತ್ತ ಬರ್ತೀನಿ. ಮೂವತ್ತೆಂಟು ವರ್ಷ ಆಯ್ತು. ನಮ್ಮ ಕಸುಬಿನವರಿಗೆ ಬೆನ್ನು ನೋಡಿದ್ರೆ ಸಾಕು, ಯಾವ ಅಂಗಡಿದು ಅಂತ ಗೊತ್ತಾಗತ್ತೆ."

"ಹಾಗಾದ್ರೆ ನೋಡಿ ಹೇಳಿ. ಇದು ನಿಮ್ಮ ಗೆರೇನಾ?"

ಅವಳು ಚೌಕಟ್ಟನ್ನು ಮತ್ತೆ ಕವುಚಿದಳು. ದೊಡ್ಡಪ್ಪ ಬಲಗೈಯ ಹೆಬ್ಬೆರಳನ್ನಷ್ಟೇ ಹೊರತೆಗೆದು, ಮೇಜಿಗೆ ಒತ್ತಿ ಹಿಡಿದು, ಕಾಗದದ ಅಂಚಿನ ಗುಂಟ ಸವರುತ್ತ ಹೋದರು. ಎಡಬದಿ. ಕೆಳಬದಿ. ಬಲಬದಿ. ಮೇಲಿನ ಬಲಮೂಲೆಗೆ ಬಂದು ಹೆಬ್ಬೆರಳು ನಿಂತಿತು.

ಬಿಸಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡರು.

"ನಂದೇ."

"ಇನ್ನೊಂದ್ಸಲ ನೋಡಿ."

"ನೋಡೋದೇನಿದೆ? ನನ್ನ ಗೆರೆ ನನಗೆ ಗೊತ್ತಾಗಲ್ವಾ? ನಾನೇ ಅಂಟಿಸಿದ್ದು, ನಾನೇ ಕೊಯ್ದಿದ್ದು."

ಅವಳು ತಲೆ ತಗ್ಗಿಸಿದಳು. ಅದು ಸುಳ್ಳು ಎಂದು ಅವರನ್ನು ಬಿಟ್ಟರೆ ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನವೇ ದೊಡ್ಡಪ್ಪ ಚಾಕುವನ್ನು ಅವಳ ಕೈಗಿತ್ತು, "ನಿನ್ನ ಕಣ್ಣು ಎಳೇದು, ನೀನೇ ಕೊಯ್ಯಿ," ಅಂದಿದ್ದರು. ಮಾರನೆಯ ದಿನವೂ ಅಂದರು. ಆಮೇಲೆ ಅನ್ನುವುದನ್ನೂ ಬಿಟ್ಟರು, ಚಾಕು ಮುಟ್ಟುವುದನ್ನೂ ಬಿಟ್ಟರು. ಕಾಫಿ ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು ಎಂದು ಅವಳೇ ಕಂಡುಕೊಂಡಳು. ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಗಿರಾಕಿಗಳು ಬಂದು ಬೆನ್ನು ತಿರುಗಿಸಿ ನೋಡಿ, "ಕೈ ಅಂದ್ರೆ ಯಜಮಾನ್ರದ್ದು," ಎಂದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಆ ಗುಟ್ಟನ್ನೇ ಅವಳು ಹತ್ತೊಂಬತ್ತು ದಿನದ ಹಿಂದೆ ಈ ಕಾಗದದ ಒಳಗೆ ಬರೆದದ್ದು.

"ಹಾಗಾದ್ರೆ ಬಿಚ್ಚಿಬಿಡೋಣ," ಎಂದರು ಇನ್ಸ್‌ಪೆಕ್ಟರ್. "ಬಿಚ್ಚೋಕೆ ಕೋರ್ಟಿನ ಅಪ್ಪಣೆ ತಂದಿದೀನಿ, ಮನೆಯವರೂ ಒಪ್ಪಿದಾರೆ. ಯಜಮಾನ್ರೇ, ನೀವೇ..."

"ಅವಳು ಬಿಚ್ತಾಳೆ."

ಚಾಕು ತೆಗೆದುಕೊಂಡಳು. ಇನ್ನು ಒಂದು ನಿಮಿಷ. ಕಾಗದ ಮಗುಚುತ್ತದೆ, ಸಾಲು ಕಾಣುತ್ತದೆ, ಇನ್ಸ್‌ಪೆಕ್ಟರ್ ಜೋರಾಗಿ ಓದುತ್ತಾರೆ. ಮೂವತ್ತೆಂಟು ವರ್ಷದ ಹೆಸರು ಇದೇ ಮೇಜಿನ ಮೇಲೆ ಬಿದ್ದು ಹೋಗುತ್ತದೆ. ದೊಡ್ಡಪ್ಪ ಏನೂ ಅನ್ನುವುದಿಲ್ಲ. ಬೈದರೆ ತಡೆದುಕೊಳ್ಳಬಹುದು, ಅವರು ಸುಮ್ಮನೆ ಒಳಗೆ ಹೋಗಿ ಕೂತುಬಿಡುತ್ತಾರೆ.

ಮೂರು ಬದಿ ಕೊಯ್ದಳು. ಪುಸ್ತಕದ ಹಾಳೆ ತಿರುವಿದ ಹಾಗೆ ಕಾಗದವನ್ನು ಮಗುಚಿದಳು.

ಒಳಮೈ ಖಾಲಿಯಿತ್ತು.

ಒಂದು ಉಸಿರಿನಷ್ಟು ಹೊತ್ತು ಅವಳ ಜೀವ ಹಗುರವಾಯಿತು. ಸದ್ಯ! ಎರಡನೆಯ ಉಸಿರಿಗೆ ಕಾಗದವನ್ನು ಬೆಳಕಿಗೆ ತಿರುಗಿಸಿ ಮತ್ತೆ ನೋಡಿದಳು.

ಇದು ತನ್ನ ಕಾಗದವಲ್ಲ.

"ಮುಂದಕ್ಕೆ," ಇನ್ಸ್‌ಪೆಕ್ಟರ್ ಅಂದರು.

ಚಿಮುಟದಿಂದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕಿದಳು. ರಟ್ಟು ಎತ್ತಿದಳು. ಚಿತ್ರ ಮೌಂಟಿನ, ಅಂದರೆ ಚಿತ್ರದ ಸುತ್ತ ಕಾಣುವಂತೆ ಕಿಂಡಿ ಕೊರೆದ ರಟ್ಟಿನ, ಬೆನ್ನಿಗೆ ಎರಡು ತೆಳುಕಾಗದದ ಪಟ್ಟಿಗಳಲ್ಲಿ ಜೋತುಬಿದ್ದಿತ್ತು. ಅಂಟು ಮುಟ್ಟಿ ನೋಡಿದಳು. ಗೋಧಿ ಹಿಟ್ಟಿನದು. ಎಲ್ಲರೂ ಟೇಪು ಹಚ್ಚುವ ಈ ಕಾಲದಲ್ಲಿ, ನೂರು ವರ್ಷವಾದರೂ ಒದ್ದೆ ಬಟ್ಟೆ ಇಟ್ಟರೆ ಬಿಟ್ಟುಕೊಳ್ಳಬೇಕು ಎಂದು ಹಿಟ್ಟು ಕಾಯಿಸಿ ಅಂಟು ಮಾಡುವುದು ಈ ಅಂಗಡಿಯಲ್ಲಿ ಮಾತ್ರ. ಯಾರೋ ಪಾಠ ಮರೆಯದವರ ಕೆಲಸ.

ಚಿತ್ರವನ್ನು ಬಿಡಿಸಿ ಎತ್ತಿ ಹಿಡಿದಳು. ಮೌಂಟಿನಡಿ ಮುಚ್ಚಿಹೋಗಿದ್ದ ಅಂಚು ಈಗ ಬಯಲಾಯಿತು. ಬೆಳ್ಳಗೆ, ಹೊಸ ಕಾಗದದ ಹಾಗೆ.

"ಏನು ನೋಡ್ತಿದೀಯಮ್ಮಾ?"

ಅವಳು ದೊಡ್ಡಪ್ಪನ ಕಡೆ ನೋಡಿದಳು. ಅವರು ನಿಟ್ಟುಸಿರು ಬಿಟ್ಟು ತಾವೇ ಹೇಳಿದರು.

"ಹಳೇ ಮೌಂಟು ಕೆಟ್ಟ ರಟ್ಟಿಂದು ಮೇಡಂ. ನಲವತ್ತು ವರ್ಷದಲ್ಲಿ ಅದರ ಆಮ್ಲ ಚಿತ್ರದ ಸುತ್ತ ಚಹಾ ಬಣ್ಣದ ಒಂದು ಗೆರೆ ಸುಟ್ಟಿತ್ತು. ಅದು ಹೋಗಲ್ಲ. ಅದನ್ನ ಮುಚ್ಚೋಕೇ ಹೊಸ ಮೌಂಟಿನ ಕಿಂಡಿ ಒಂದು ನೂಲು ಚಿಕ್ಕದು ಮಾಡಿದ್ವಿ." ನಿಲ್ಲಿಸಿದರು. "ಇದರಲ್ಲಿ ಆ ಗೆರೆ ಇಲ್ಲ. ಇದು ಆ ಚಿತ್ರ ಅಲ್ಲ."

"ಹೇಳಿದ್ನಲ್ಲ," ಅಜ್ಜಿ ಮೆಲ್ಲಗೆ ಅಂದರು. ಗೆದ್ದವರ ದನಿಯಲ್ಲ. ಬಹಳ ದೂರ ನಡೆದು ಬಂದು ಕೂತವರ ದನಿ. ಕೈಚೀಲದಿಂದ ಕರವಸ್ತ್ರ ತೆಗೆದರು, ಕಣ್ಣಿಗೆ ಒತ್ತಿಕೊಳ್ಳದೆ ಸುಮ್ಮನೆ ಹಿಡಿದುಕೊಂಡು ಕೂತರು. "ನನ್ನ ಮಗನಿಗೆ ಒಂದು ಫೋನ್ ಮಾಡಿ ಹೇಳ್ತೀರಾ? ನಿಮ್ಮಮ್ಮನಿಗೆ ಹುಚ್ಚು ಹಿಡಿದಿಲ್ಲ ಅಂತ."

"ಹೇಳ್ತೀನಮ್ಮಾ. ನಾನೇ ಹೇಳ್ತೀನಿ." ಇನ್ಸ್‌ಪೆಕ್ಟರ್ ಬೂಟಿನ ಲೇಸು ಮತ್ತೆ ಬಿಗಿಯತೊಡಗಿದರು. ಕಾಲಿನ ನೋವಿಗೋ ಏನೋ ಮುಖ ಕಿವುಚಿತ್ತು. "ನನಗೆ ಇಷ್ಟ ಇಲ್ಲದ ಭಾಗ ಈಗ ಬಂತು. ಯಜಮಾನ್ರೇ, ಚಿತ್ರ ಬದಲಾಗಿದೆ. ಬೆನ್ನು ಮಾತ್ರ ಬದಲಾಗಿಲ್ಲ, ನೀವು ಮುಚ್ಚಿದ ಹಾಗೇ ಇದೆ ಅಂತ ನೀವೇ ಹೇಳ್ತಿದೀರ. ಅಂದ್ರೆ ಇಲ್ಲಿಂದ ಹೊರಡೋ ಮೊದಲೇ, ಇದೇ ಮೇಜಿನ ಮೇಲೆ ಬದಲಾಗಿರಬೇಕು."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ."

"ಅಯ್ಯೋ, ನೀವು ಇಲ್ಲ ಅನ್ನಬೇಕು ಸ್ವಾಮಿ! ಕಳ್ಳರೂ ಮೊದಲು ಅದನ್ನೇ ಅನ್ನೋದು. ನೀವಾ ಬದಲಾಯಿಸಿದ್ದು?"

"ಕಾಗದ ನಂದು, ಗೆರೆ ನಂದು," ಎಂದಷ್ಟೇ ಅಂದರು ದೊಡ್ಡಪ್ಪ. "ಎಲ್ಲಿಗೆ ಬರಬೇಕು ಹೇಳಿ, ಬರ್ತೀನಿ. ನಿಂತು ನಿಂತು ನನಗೂ ಸಾಕಾಗಿದೆ."

ಗೋಡೆಯ ಮೊಳೆಯಿಂದ ಸ್ವೆಟರ್ ತೆಗೆದುಕೊಂಡರು. ಕೀಲಿಗೊಂಚಲನ್ನು ಅವಳ ಕೈಗೆ ಕೊಡಲು ಬಂದರು. ಕೊಡುವ ಮೊದಲೇ ಅದು ಗಲಗಲ ಅಂದಿತು. ತಟ್ಟನೆ ಮೇಜಿನ ಮೇಲಿಟ್ಟುಬಿಟ್ಟರು.

"ಶಟರ್ ಎಳೆದುಬಿಡು. ಮಗುವಿನ ಶೂ ನಾಳೆ ಕೊಡಬೇಕು, ಮರೀಬೇಡ."

ಅಷ್ಟೇನಾ? ಹೆಮ್ಮೆಗೆ ಯಾರಾದರೂ ಪೊಲೀಸು ಠಾಣೆಗೆ ಹೋಗುತ್ತಾರಾ? 'ನನ್ನ ಕೈ ನಡುಗುತ್ತದೆ, ನಾನು ಕೊಯ್ದಿಲ್ಲ' ಎಂಬ ಒಂದು ಮಾತು ಅಷ್ಟು ಭಾರವಾ? ಬಾಗಿಲ ಹತ್ತಿರ ಹೋದ ಆ ಬಾಗಿದ ಬೆನ್ನು ನೋಡಿ ಬಾಯಿ ತಾನಾಗಿ ತೆರೆಯಿತು.

"ಒಂದ್ನಿಮಿಷ."

ಇನ್ಸ್‌ಪೆಕ್ಟರ್ ತಿರುಗಿದರು. "ಈ ಹುಡುಗಿಗೆ ಮಾತು ಬರತ್ತಾ!"

ಅಷ್ಟಕ್ಕೇ ಬಂದದ್ದು ನಿಂತುಹೋಯಿತು. ಅವಳು ಜಡೆಯಿಂದ ಪೆನ್ಸಿಲ್ಲು ಎಳೆದಳು. ಬಿಚ್ಚಿದ ಕಂದು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, ಖಾಲಿ ಒಳಮೈಯ ಒಂದು ಮೂಲೆಯಲ್ಲಿ, ಚಿಕ್ಕ ಅಕ್ಷರದಲ್ಲಿ ಬರೆದು ಇನ್ಸ್‌ಪೆಕ್ಟರ್ ಮುಂದೆ ಸರಿಸಿದಳು.

*ನಾನು ಮುಚ್ಚಿದ ಕಾಗದದ ಒಳಗೆ ಹೀಗೆ ಬರೆದಿದ್ದೆ: ದೊಡ್ಡಪ್ಪನ ಕೈ ಸೋತಿದೆ. ಅವರು ಕೊಯ್ಯುವುದಿಲ್ಲ, ನಾನು ಕೊಯ್ಯುತ್ತೇನೆ. ನಾವಿಬ್ಬರೂ ಯಾರಿಗೂ ಹೇಳುವುದಿಲ್ಲ.*

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಕಣ್ಣು ಎತ್ತಿ ದೊಡ್ಡಪ್ಪನ ಜೇಬಿನ ಕಡೆ ನೋಡಿದರು. ಜೋರಾಗಿ ಓದಲಿಲ್ಲ. ಒಳ್ಳೆಯವರು. ಕಾಗದವನ್ನು ದೊಡ್ಡಪ್ಪನತ್ತ ಚಾಚಿದರು.

ಅವರು ಕೈ ಹೊರತೆಗೆಯಲೇಬೇಕಾಯಿತು. ಕಾಗದ ಅವರ ಬೆರಳುಗಳಲ್ಲಿ ಗಾಳಿಗೆ ಸಿಕ್ಕ ಎಲೆಯ ಹಾಗೆ ಚರಚರ ಸದ್ದು ಮಾಡತೊಡಗಿತು. ಓದಿ ಮುಗಿಸುವವರೆಗೂ ಆ ಸದ್ದು ನಿಲ್ಲಲಿಲ್ಲ. ಅಜ್ಜಿ ಮುಖ ಬೇರೆ ಕಡೆ ತಿರುಗಿಸಿಕೊಂಡರು.

"ಎಲ್ಲ ಫ್ರೇಮಿನ ಒಳಗೂ ಬರೀತೀಯಾ?" ದೊಡ್ಡಪ್ಪ ಕೇಳಿದರು.

ತಲೆಯಾಡಿಸಿದಳು.

"ಹಾಳಾದವಳೇ," ಅಂದರು. ಬೈಗುಳದಲ್ಲಿ ಬೈಗುಳವೇ ಇರಲಿಲ್ಲ.

"ನನಗೆ ಅರ್ಥ ಆದದ್ದು ಹೇಳ್ತೀನಿ, ತಪ್ಪಿದ್ರೆ ತಲೆ ಅಲ್ಲಾಡಿಸು," ಇನ್ಸ್‌ಪೆಕ್ಟರ್ ಮತ್ತೆ ಕುರ್ಚಿ ಎಳೆದುಕೊಂಡರು. ದಣಿವು ಎಲ್ಲಿ ಹೋಯಿತೋ. "ನೀನು ಬರೆದು ಮುಚ್ಚಿದ್ದು ಬೇರೆ ಕಾಗದ. ಇದು ಬೇರೆ. ಇದನ್ನ ನೀನು ಕೊಯ್ದಿಲ್ಲ. ಇವರ ಕೈಯಲ್ಲಿ ಆಗೋದಿಲ್ಲ. ಅಂದ್ರೆ ಅಂಗಡಿ ಬಿಟ್ಟ ಮೇಲೆ ಯಾರೋ ಬಿಚ್ಚಿ, ಚಿತ್ರ ಬದಲಾಯಿಸಿ, ಇದೇ ಗೆರೆ ಎಳೆದು ಮುಚ್ಚಿದಾರೆ. ಸರೀನಾ? ಆದ್ರೆ ಇದೆಲ್ಲ ನಿನ್ನ ಬಾಯಿಮಾತು. ಬಾಯಿಮಾತೂ ಅಲ್ಲ, ಪೆನ್ಸಿಲ್ ಮಾತು. ದೊಡ್ಡಪ್ಪನ್ನ ಉಳಿಸೋಕೆ ಈಗ ಕಟ್ಟಿದ ಕಥೆ ಅಂತಾರೆ. ಸಾಕ್ಷಿ ಏನು?"

ಸಾಕ್ಷಿ ಇತ್ತು. ಮರದಲ್ಲಿ.

ಕಾಗದ ಕೊಯ್ಯುವಾಗ ಸುತ್ತು ಮುಗಿಯುವ ಮೂಲೆಯಲ್ಲಿ ಚಾಕುವಿನ ತುದಿ ಎಳ್ಳಿನಷ್ಟು ಮುಂದೆ ಹಾರುತ್ತದೆ, ಮರಕ್ಕೆ ಒಂದು ಸಣ್ಣ ಗಾಯವಾಗುತ್ತದೆ. ಎಷ್ಟು ಹುಷಾರಾಗಿದ್ದರೂ ಆಗುತ್ತದೆ. ಎರಡು ಸಲ ಕೊಯ್ದು ಮುಚ್ಚಿದ್ದರೆ ಎರಡು ಗಾಯ. ಬಲಗೈಯವರು ಮೇಲಿನ ಎಡಮೂಲೆಯಲ್ಲಿ ಶುರುಮಾಡಿ ಅಲ್ಲಿಗೇ ಬಂದು ಮುಗಿಸುವುದು. ಅವಳು ಬರಿ ಚೌಕಟ್ಟನ್ನು ಬೆಳಕಿಗೆ ಹಿಡಿದು ಎಡಮೂಲೆ ತೋರಿಸಿದಳು. ಇತ್ತು. ಎಳ್ಳಿನಷ್ಟು ಗೀರು. ಅವಳದ್ದು.

"ಇದು ನಿಂದು." ಇನ್ಸ್‌ಪೆಕ್ಟರ್ ಕಣ್ಣು ಕಿರಿದು ಮಾಡಿ ಬಗ್ಗಿದರು. ಅವರ ಬೆರಳು ಮರದ ಗುಂಟ ನಡೆದು ಇನ್ನೊಂದು ಕೊನೆಗೆ ಹೋಯಿತು. "ಹಾಗಾದ್ರೆ ಬಲಮೂಲೆಯಲ್ಲಿರೋ ಇದು?"

ಅವಳು ನೋಡಿದಳು.

ಬಲಮೂಲೆಯಲ್ಲಿ ಇನ್ನೊಂದು ಗೀರು. ಹೊಸದು. ಒಳಗಿನ ಮರ ಇನ್ನೂ ಬಿಳಿ.

ದೊಡ್ಡಪ್ಪನ ಹೆಬ್ಬೆರಳು ನಿಂತದ್ದು ಅಲ್ಲೇ.

ಗಲ್ಲಾದ ಮೇಲಿನ ಗೋಡೆಯಲ್ಲಿ ದೊಡ್ಡಪ್ಪ ದೊಡ್ಡಮ್ಮನ ಮದುವೆಯ ಫೋಟೋ ತೂಗುತ್ತಿತ್ತು. ದೊಡ್ಡಪ್ಪ ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಾರೆ, ಕೆಳಗಿಳಿಸುವುದಿಲ್ಲ. ಒಮ್ಮೆ ಸುಣ್ಣ ಹೊಡೆಸುವಾಗ ಇಳಿಸಿ ಬೆನ್ನು ನೋಡಿದವಳು ಅವಳೇ. ಎರಡು ನೂಲು ಒಳಗೆ, ಒಂದೇ ಉಸಿರಿನ ಗೆರೆ, ಮುಗಿದ ಗೀರು ಬಲಮೂಲೆಯಲ್ಲಿ. ದೊಡ್ಡಪ್ಪನ ಮಗಳು, ಅವಳ ಅಕ್ಕ, ಹದಿನಾರನೆಯ ವಯಸ್ಸಿನಲ್ಲಿ ಕೂರಿಸಿದ ಮೊದಲ ಚೌಕಟ್ಟು ಅದು.

ಅಕ್ಕ ಎಡಗೈಯವಳು. ಅಪ್ಪ ಎಳೆದುದನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಬಲದಿಂದ ಎಳೆಯುತ್ತಿದ್ದಳಂತೆ. ಕೊನೆಯ ಎರಡು ವರ್ಷ ಅಂಗಡಿಯ ಗೆರೆಯೆಲ್ಲ ಅವಳದ್ದೇ. ಮೂರು ವರ್ಷದ ಹಿಂದೆ ಒಂದು ದಿನ, "ಗೆರೆ ನಂದು, ಹೆಸರು ಯಾಕಪ್ಪಾ ನಿಮ್ಮದು?" ಎಂದು ಗಿರಾಕಿಯ ಮುಂದೆಯೇ ಕೇಳಿದಳು. "ಹಾಗಾದರೆ ಹೆಸರು ಸಿಗೋ ಕಡೆ ಹೋಗು," ಎಂದರು ಇವರು. ಹೋದಳು. ಅವಳು ಈಗ ಎಲ್ಲಿ ಕೆಲಸ ಮಾಡುತ್ತಾಳೆಂದು ದೊಡ್ಡಪ್ಪ ಯಾರನ್ನೂ ಕೇಳುತ್ತಿರಲಿಲ್ಲ. ಕೇಳದೆಯೇ ಅವರಿಗೆ ಗೊತ್ತಿತ್ತು.

ಹೆಮ್ಮೆಯಲ್ಲ. ಮೂರು ವರ್ಷ ಮುಖ ನೋಡದ ಮಗಳ ಕೈಯನ್ನು ಒಂದು ಹೆಬ್ಬೆರಳಿನಲ್ಲಿ ಗುರುತು ಹಿಡಿದು, 'ನಂದೇ' ಅಂದಿದ್ದರು.

ಆ ಮರೆಯನ್ನು ಈಗ ತಾನೇ ಕಿತ್ತು ತೆಗೆದಿದ್ದಳು, ತಿಳಿಯದೆ, ಒಂದು ಪೆನ್ಸಿಲ್ ಸಾಲಿನಿಂದ.

"ಯಾರು ಹೀಗೆ ಬಲಗಡೆಯಿಂದ ಕೊಯ್ಯೋದು?" ಇನ್ಸ್‌ಪೆಕ್ಟರ್ ಕೇಳಿದರು.

"ಪೆನ್ಸಿಲ್." ದೊಡ್ಡಪ್ಪನ ದನಿ ಅವಳು ಎಂದೂ ಕೇಳದಷ್ಟು ಸಣ್ಣಗಿತ್ತು. "ಬೇಡಮ್ಮಾ."

"ಯಜಮಾನ್ರೇ, ನೀವು ಸುಮ್ನಿರಿ. ಅವಳು ಹೇಳದಿದ್ರೆ ನಿಮ್ಮನ್ನೇ ಕರ್ಕೊಂಡು ಹೋಗಬೇಕಾಗತ್ತೆ ನಾನು. ನನಗೆ ಬೇರೆ ದಾರಿ ಇಲ್ಲ."

"ಕರ್ಕೊಂಡು ಹೋಗಿ ಅಂತಾನೇ ಹೇಳ್ತಿದೀನಲ್ಲ!"

ಅವಳ ಕೈ ಮತ್ತೆ ಕಾಗದದ ಕಡೆ ಹೋಯಿತು. ಬರೆಯುವುದು ಸುಲಭ. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಇನ್ಸ್‌ಪೆಕ್ಟರ್ ಪೆನ್ಸಿಲ್ಲಿನ ಮೇಲೆ ಅಂಗೈ ಇಟ್ಟರು. "ಬರೆದು ಕೊಡೋದು ಬೇಡ. ಬಾಯಲ್ಲಿ ಹೇಳು."

ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಕನ್ನಡಕದ ಹಿಂದಿನ ಕಣ್ಣು ಅವಳ ಮೇಲೇ ನೆಟ್ಟಿತ್ತು. "ನಾನು ಆವತ್ತು ಹೇಳೋದನ್ನ ಹೇಳದೆ ಬಾಯಿ ಬಿಗ್ಕೊಂಡು ಕೂತೆ ಕಣಮ್ಮಾ," ಅಂದರು. "ನಲವತ್ತು ವರ್ಷ ಗೋಡೆ ಮೇಲೆ ಹಾಗೇ ಕೂತಿದ್ದೆ."

ದೊಡ್ಡಪ್ಪ ಮೇಜು ಹಿಡಿದು ನಿಂತಿದ್ದರು. ಮೇಜು ನಡುಗುತ್ತಿತ್ತು, ಬಟ್ಟಲಿನ ಮೊಳೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅವಳು ಆ ಕೈಗಳ ಮೇಲೆ ತನ್ನ ಕೈ ಇಟ್ಟಳು. ಕಿಣಿಕಿಣಿ ನಿಂತಿತು.

"ಇದು ನಮ್ಮಕ್ಕನ ಕೈ," ಅಂದಳು. ತನ್ನ ದನಿ ಅಂಗಡಿಯಲ್ಲಿ ಇಷ್ಟು ದೊಡ್ಡದಾಗಿ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. "ನಿನ್ನೆ ನಿಮಗೆ ಕುರ್ಚಿ ಹಾಕಿಕೊಟ್ಟಳಲ್ಲ ಮೇಡಂ, ಅವಳೇ."